ಸರಾಸರಿಯ ಪಕ್ಕದಲ್ಲಿ ಮಧ್ಯಾಂಕವೂ ಇರಲಿ

ರಾಜ್ಯದ ಆರ್ಥಿಕ ಸಮೀಕ್ಷೆ ಹೊರಬಿದ್ದಾಗಲೆಲ್ಲ ಕರ್ನಾಟಕದ ತಲಾ ಆದಾಯ ಇಷ್ಟು ಲಕ್ಷಕ್ಕೆ ಏರಿತೆಂಬ ಸುದ್ದಿ ಬರುತ್ತದೆ. ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುವ ನನಗೆ ಆ ಒಂದೇ ಅಂಕಿಯಿಂದ ಸಮಾಧಾನವಾಗುವುದಿಲ್ಲ. ಲೆಕ್ಕ ತಪ್ಪಿದೆಯೆಂದಲ್ಲ, ಸರಿಯಾದ ಲೆಕ್ಕವೇ ಬಹುಪಾಲು ಜಿಲ್ಲೆಗಳ ಸ್ಥಿತಿಯನ್ನು ಮರೆಮಾಡುತ್ತದೆ ಎಂಬುದು ನನ್ನ ಆಕ್ಷೇಪ.

ಹತ್ತು ಮನೆಗಳ ಒಂದು ಓಣಿಯನ್ನು ಊಹಿಸಿಕೊಳ್ಳಿ. ಒಂಬತ್ತು ಮನೆಗಳ ತಿಂಗಳ ಆದಾಯ ಸಾವಿರಗಳಲ್ಲಿ 12, 13, 14, 14, 15, 15, 16, 17, 18. ಹತ್ತನೆಯ ಮನೆಯದು 300. ಸರಾಸರಿ 43,400 ರೂಪಾಯಿ. ಆ ಒಂಬತ್ತರಲ್ಲಿ ಒಂದು ಮನೆಯೂ ಈ ಮೊತ್ತದ ಅರ್ಧವನ್ನೂ ಮುಟ್ಟಿಲ್ಲ. ಆದಾಯಗಳನ್ನು ಏರಿಕೆ ಕ್ರಮದಲ್ಲಿಟ್ಟಾಗ ನಡುವಿಗೆ ಬರುವ ಅಂಕಿ, ಅಂದರೆ ಮಧ್ಯಾಂಕ, 15,000; ಓಣಿಯ ಬದುಕಿಗೆ ಹತ್ತಿರವಾದದ್ದು ಅದೇ. ಹತ್ತನೆಯ ಮನೆಯದರಂತೆ ಉಳಿದವುಗಳಿಂದ ತೀರಾ ದೂರ ನಿಂತ ಅಂಕಿಗಳನ್ನು, ಅಂದರೆ ಔಟ್‌ಲೈಯರ್‌ಗಳನ್ನು, ಗುರುತಿಸಲು ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಜಾನ್ ಟ್ಯೂಕಿ ರೂಢಿಗೆ ತಂದ ಸರಳ ನಿಯಮವೊಂದಿದೆ: ಮೊದಲ ಮತ್ತು ಮೂರನೆಯ ಚತುರ್ಥಕಗಳ (ಕೆಳಗಿನ ಅರ್ಧದ ಮತ್ತು ಮೇಲಿನ ಅರ್ಧದ ನಡುವಿನ ಅಂಕಿಗಳ) ಅಂತರವನ್ನು ಒಂದೂವರೆಯಿಂದ ಗುಣಿಸಿ, ಮೂರನೆಯದಕ್ಕೆ ಕೂಡಿಸಿ, ಮೊದಲನೆಯದರಿಂದ ಕಳೆದರೆ ಎರಡು ಗಡಿಗಳು ಸಿಗುತ್ತವೆ; ಅವುಗಳ ಆಚೆ ಬಿದ್ದದ್ದು ಔಟ್‌ಲೈಯರ್. ನಮ್ಮ ಓಣಿಯಲ್ಲಿ ಚತುರ್ಥಕಗಳು 14 ಮತ್ತು 17 ಆದ್ದರಿಂದ ಮೇಲಿನ ಗಡಿ 21.5 ಸಾವಿರ. ಅದನ್ನು ದಾಟಿದ್ದು ಒಂದೇ ಮನೆ.

ಗುರುತಿಸಿದ ಕೂಡಲೇ ಅಳಿಸಿಬಿಡುವುದು ವಿದ್ಯಾರ್ಥಿಗಳು ಮಾತ್ರವಲ್ಲ, ಅನುಭವಿಗಳೂ ಮಾಡುವ ತಪ್ಪು. 15,000 ಎಂದು ಬರೆಯುವಲ್ಲಿ ಸೊನ್ನೆಯೊಂದು ಹೆಚ್ಚಾಗಿ 1,50,000 ಆಗಿದ್ದರೆ ಅದನ್ನು ತಿದ್ದಬೇಕು. ಆದರೆ ಆ ಮನೆಯವರು ನಿಜವಾಗಿಯೂ ಮೂರು ಲಕ್ಷ ದುಡಿಯುತ್ತಿದ್ದರೆ ಆ ಅಂಕಿಯನ್ನು ತೆಗೆಯುವ ಹಕ್ಕು ನಮಗಿಲ್ಲ.

ಬೆಂಗಳೂರು ನಗರ ಜಿಲ್ಲೆ ಈ ಎರಡನೆಯ ಬಗೆಯದು. ರಾಜ್ಯದ ಒಟ್ಟು ಉತ್ಪನ್ನದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಅಲ್ಲಿಂದಲೇ ಬರುತ್ತದೆ. 2021-22ರಲ್ಲಿ ಅಲ್ಲಿನ ತಲಾ ಆದಾಯ 6 ಲಕ್ಷ ದಾಟಿತ್ತು, ಕಲಬುರಗಿಯದು ಒಂದೂಕಾಲು ಲಕ್ಷದ ಆಸುಪಾಸಿನಲ್ಲಿತ್ತು. ಇನ್ನೊಂದು ಮಾತನ್ನೂ ಹೇಳಬೇಕು: ಜಿಲ್ಲೆಯ ಉತ್ಪನ್ನವನ್ನು ಜನಸಂಖ್ಯೆಯಿಂದ ಭಾಗಿಸಿದಾಗ ಬರುವ ಈ 6 ಲಕ್ಷ ಬೆಂಗಳೂರಿನ ಪೌರಕಾರ್ಮಿಕರ ಕೈಗೂ ಬರುವ ಹಣವಲ್ಲ.

ಡಾ. ಡಿ. ಎಂ. ನಂಜುಂಡಪ್ಪ ಸಮಿತಿ 2002ರ ವರದಿಯಲ್ಲಿ ಅಭಿವೃದ್ಧಿಯ 35 ಸೂಚಕಗಳನ್ನು ಸೇರಿಸಿ, ರಾಜ್ಯದ ಸರಾಸರಿಯನ್ನು 1 ಎಂದು ಹಿಡಿದು ತಾಲ್ಲೂಕುಗಳನ್ನು ಅಳೆಯಿತು. 175ರಲ್ಲಿ 114 ತಾಲ್ಲೂಕುಗಳು 1ಕ್ಕಿಂತ ಕೆಳಗಿದ್ದು ಹಿಂದುಳಿದವೆಂದು ಕಂಡುಬಂದವು. ಸರಾಸರಿ ನಡುವಿನಲ್ಲಿಯೇ ಇದ್ದಿದ್ದರೆ ಸುಮಾರು ಅರ್ಧದಷ್ಟು ತಾಲ್ಲೂಕುಗಳು ಮಾತ್ರ ಅದರ ಕೆಳಗಿರಬೇಕಿತ್ತು. ಮೂರರಲ್ಲಿ ಎರಡು ಪಾಲು ಕೆಳಗುಳಿದದ್ದನ್ನು ನೋಡಿದರೆ, ಮೇಲಿನ ಕೆಲವೇ ತಾಲ್ಲೂಕುಗಳು ಸರಾಸರಿಯನ್ನು ಎಷ್ಟು ಎತ್ತರಕ್ಕೆ ಎಳೆದಿದ್ದವೆಂಬುದು ತಿಳಿಯುತ್ತದೆ. ಆ ವರದಿಯನ್ನು ಪ್ರಾದೇಶಿಕ ಅಸಮತೋಲನದ ದಾಖಲೆಯೆಂದು ಎಲ್ಲರೂ ಓದುತ್ತಾರೆ. ಸಂಖ್ಯಾಶಾಸ್ತ್ರದ ಪಾಠವೆಂದೂ ಓದಬೇಕೆಂಬುದು ನನ್ನ ಆಸೆ.

ಹಾಗಾಗಿ ಸಮೀಕ್ಷೆಯ ಮೊದಲ ಪುಟದಲ್ಲಿ ಸರಾಸರಿಯ ಜೊತೆಗೆ ಮಧ್ಯಾಂಕವನ್ನೂ ಅಚ್ಚು ಮಾಡಬೇಕೆಂದು ನಾನು ಒತ್ತಾಯಿಸುತ್ತೇನೆ. ಅಲ್ಲಿಯವರೆಗೆ ಓದುಗರು ತಾವೇ 31 ಜಿಲ್ಲೆಗಳನ್ನು ತಲಾ ಆದಾಯದ ಏರಿಕೆ ಕ್ರಮದಲ್ಲಿ ಬರೆದುಕೊಂಡು 16ನೆಯದನ್ನು ನೋಡಬಹುದು. ಅದು ನಡುವಿನ ಜಿಲ್ಲೆಯೇ ಹೊರತು ನಡುವಿನ ಮನುಷ್ಯನಲ್ಲ, ನಿಜ. ಆ ಮನುಷ್ಯನನ್ನು ಕಾಣಲು ಮನೆಮನೆಯ ಆದಾಯದ ಲೆಕ್ಕವೇ ಬೇಕು.