ಅಂಗಳದ ಅಡಿಕೆಗೂ ಬೇಕು ಒಂದು 101

ಇಂಗ್ಲೆಂಡಿನಲ್ಲಿ ಪೊಲೀಸರಿಗೆ ಎರಡು ನಂಬರ್. ಕಳ್ಳ ಈಗಲೇ ಮನೆಯೊಳಗಿದ್ದರೆ 999. ನಿನ್ನೆ ರಾತ್ರಿ ಸೈಕಲ್ ಕಳುವಾಗಿದ್ದರೆ, ಗುರುತಿಲ್ಲದ ವ್ಯಾನೊಂದು ಮೂರು ದಿನದಿಂದ ಬೀದಿ ಸುತ್ತುತ್ತಿದ್ದರೆ 101. ಇಷ್ಟು ಸಣ್ಣ ವಿಷಯಕ್ಕೆ ಪೊಲೀಸರೇ ಅನ್ನುವ ಸಂಕೋಚ ಅಲ್ಲಿನವರಿಗೆ ಕಡಿಮೆ. ಅಡಿಕೆ ಕಳ್ಳತನ ತಡೆಯಲು ಮಲೆನಾಡಿಗೆ ಕ್ಯಾಮೆರಾಕ್ಕಿಂತ ಮೊದಲು ಬೇಕಾಗಿರುವುದು ಈ ಅಭ್ಯಾಸ ಎಂದು ನನಗೆ ಬಲವಾಗಿ ಅನಿಸುತ್ತದೆ.

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ತೋಟದ ನಡುವೆ ಒಂಟಿ ಮನೆ, ಒಳಗೆ ವಯಸ್ಸಾದ ಇಬ್ಬರು, ಕೊಯ್ಲಿನ ಕಾಲಕ್ಕೆ ಅಂಗಳದ ತುಂಬ ಅಡಿಕೆ. ಬ್ರಿಟನ್ನಿನಲ್ಲಿ ಮೊದಲಿಗೆ 1982ರಲ್ಲಿ ಚೆಷೈರಿನ ಮೊಲಿಂಗ್ಟನ್ ಹಳ್ಳಿಯಲ್ಲಿ ಶುರುವಾದ ನೇಬರ್‌ಹುಡ್ ವಾಚ್, ಅಂದರೆ ನೆರೆಹೊರೆಯವರೇ ಒಬ್ಬರ ಮನೆ ಮೇಲೆ ಇನ್ನೊಬ್ಬರು ಕಣ್ಣಿಡುವ ವ್ಯವಸ್ಥೆ, ಪಕ್ಕದ ಮನೆ ಕಣ್ಣಿಗೆ ಬೀಳುವ ಕಡೆ ಸುಲಭ. ನಮ್ಮಲ್ಲಿ ಪಕ್ಕದ ಮನೆ ಅಂದರೆ ಗುಡ್ಡದಾಚೆ. ಆದರೆ ಹೊಸ ಜೀಪೊಂದು ಬಂದರೆ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ. ಆ ಸುದ್ದಿ ವಾಟ್ಸಾಪ್ ಗುಂಪಿನಲ್ಲೇ ನಿಂತುಬಿಡುವುದು ನನ್ನ ಸಂಕಟ. ಅಪರಿಚಿತರ ಫೋಟೊ ಹಾಕಿ 'ಕಳ್ಳರು' ಅಂತ ಬರೆಯುವುದಂತೂ ಬೇಡವೇ ಬೇಡ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯಲ್ಲಿ ಮಕ್ಕಳ ಕಳ್ಳರೆಂಬ ವಾಟ್ಸಾಪ್ ವದಂತಿಗೆ ಅಮಾಯಕನೊಬ್ಬ ಜನರ ಕೈಯಲ್ಲೇ ಸತ್ತ.

ಗಾಡಿಯ ನಂಬರ್, ಬಣ್ಣ, ಹೋದ ದಿಕ್ಕು, ಹೊತ್ತು, ಇಷ್ಟನ್ನು ನಿಮ್ಮೂರಿನ ಗಸ್ತು ನೋಡಿಕೊಳ್ಳುವ ಬೀಟ್ ಪೊಲೀಸರಿಗೆ ಹೇಳಿದರೆ ಸಾಕು. ಅವರ ನಂಬರನ್ನು ಠಾಣೆಯಲ್ಲಿ ಕೇಳಿ ಬರೆದಿಟ್ಟುಕೊಳ್ಳಿ. ಅಪಾಯ ಕಣ್ಣೆದುರೇ ಇದ್ದರೆ ತುರ್ತು ನಂಬರ್ 112. ಕರೆ ತೆಗೆದುಕೊಳ್ಳುವವರಿಗೆ ನಿಮ್ಮೂರು ಗೊತ್ತಿರುವುದಿಲ್ಲ. 'ಭಟ್ಟರ ಮನೆ ಪಕ್ಕ' ಅಂದರೆ ಗಾಡಿ ದಾರಿ ತಪ್ಪುತ್ತದೆ. ತಾಲ್ಲೂಕು, ಗ್ರಾಮ ಪಂಚಾಯಿತಿ, ಊರು, ಹತ್ತಿರದ ಶಾಲೆ ಅಥವಾ ಬಸ್ ನಿಲ್ದಾಣ, ಅಲ್ಲಿಂದ ಯಾವ ಕಡೆ ಎಷ್ಟು ಕಿಲೋಮೀಟರ್, ಇದೇ ಕ್ರಮದಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಫೋನಿನ ಹತ್ತಿರ ಅಂಟಿಸಿ. ಗಾಬರಿಯಲ್ಲಿ ಓದಿ ಹೇಳಿದರಾಯಿತು.

ಅಡಿಕೆ ಕಳುವಾದಾಗ ದೂರು ಸೊರಗುವುದು ಲೆಕ್ಕ ಇಲ್ಲದೆ. ಚೀಲ ಎಣಿಸುವುದೇ ಮಂಡಿಗೆ ಸಾಗಿಸುವ ದಿನ, ಹಾಗಾಗಿ ಯಾವತ್ತು ಹೋಯಿತೆಂದು ಹೇಳಲಾಗುವುದಿಲ್ಲ. ಚೀಲ ಕಟ್ಟಿದ ದಿನವೇ ತೂಕ, ಅಡಿಕೆಯ ಬಗೆ ರಾಶಿಯೋ ಬೆಟ್ಟೆಯೋ ಗೊರಬಲೋ ಬರೆದು, ವಾರಕ್ಕೊಮ್ಮೆ ಎಣಿಸಿ. ಹೊರಗಿನ ಬಣ್ಣದ ಗುರುತು ಚೀಲ ಬದಲಾಯಿಸಿದರೆ ಹೋಯಿತು. ಅಡಿಕೆಯ ನಡುವೆ ಗುರುತಿನ ಚೀಟಿಯೊಂದನ್ನು ಹುದುಗಿಸಿಡಿ. ಕ್ಯಾಮೆರಾ ಇದ್ದರೆ ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದ ಮೇಲೆ ಅದರ ಗಡಿಯಾರ ನೋಡಿ, ಮಸೂರದ ಜೇಡರ ಬಲೆ ಒರೆಸಿ. ಹಳೆಯ ಚಿತ್ರದ ಮೇಲೆ ಹೊಸದು ಕೂರುವ ಮೊದಲು ಕಳುವಿನ ರಾತ್ರಿಯದನ್ನು ನಕಲು ಮಾಡಿಕೊಳ್ಳಿ.

ನಮ್ಮ ಠಾಣೆಯ ವ್ಯಾಪ್ತಿ ಅಲ್ಲ ಅಂತ ಯಾರಾದರೂ ಹೇಳಿದರೆ ವಾಪಸ್ ಬರಬೇಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ಪ್ರಕಾರ ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಎಲೆಕ್ಟ್ರಾನಿಕ್ ಆಗಿ ಕಳಿಸಿದರೆ 3 ದಿನದೊಳಗೆ ಹೋಗಿ ಸಹಿ ಹಾಕಬೇಕು. ಎಫ್‌ಐಆರ್ ಪ್ರತಿ ಉಚಿತ, ಕೇಳಿ ಪಡೆಯಿರಿ. ದಾಖಲಿಸಿಕೊಳ್ಳದಿದ್ದರೆ ಬರೆದು ಅಂಚೆಯಲ್ಲಿ ಎಸ್‌ಪಿಯವರಿಗೆ ಕಳಿಸಬಹುದು.

ಬ್ಯಾಂಕಿನ ದುಡ್ಡು ಆನ್‌ಲೈನ್ ಮೋಸಕ್ಕೆ ಹೋದರೆ ಮಾತ್ರ ಠಾಣೆಗೆ ಹೊರಡುವ ಮೊದಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ದುಡ್ಡು ಮುಂದಿನ ಖಾತೆಗೆ ದಾಟುವ ಮೊದಲು ತಡೆಯಬೇಕು, ಅಲ್ಲಿ ಒಂದೊಂದು ನಿಮಿಷವೂ ಲೆಕ್ಕಕ್ಕಿದೆ.