ಸ್ಪಷ್ಟನೆ: ಮೊದಲ ಪತ್ರಿಕೆ ಗುಟೆನ್‌ಬರ್ಗ್‌ನದಲ್ಲ

'ಜಗತ್ತಿನ ಮೊದಲ ಪತ್ರಿಕೆಯನ್ನು 1605ರಲ್ಲಿ ಗುಟೆನ್‌ಬರ್ಗ್ ಅಚ್ಚು ಹಾಕಿದ' ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಕಳೆದ ವಾರ ನಾನೂ ಅದನ್ನು ಎರಡು ಗುಂಪುಗಳಿಗೆ ಕಳಿಸಿದ್ದೆ. ವರ್ಷ ಸರಿ, ಹೆಸರು ತಪ್ಪು. ಜರ್ಮನ್ ಮುದ್ರಕ ಗುಟೆನ್‌ಬರ್ಗ್ ತೀರಿಕೊಂಡದ್ದು 1468ರಲ್ಲಿ.

1605ರ ಪತ್ರಿಕೆ ಸ್ಟ್ರಾಸ್‌ಬರ್ಗ್ (ಇಂದು ಫ್ರಾನ್ಸಿನಲ್ಲಿದೆ) ನಗರದ ಯೋಹಾನ್ ಕರೋಲಸ್‌ನದು. ಹೆಸರು 'ರೆಲಾಟ್ಸಿಯೋನ್', ಭಾಷೆ ಜರ್ಮನ್, ವಾರಕ್ಕೊಮ್ಮೆ. ಅದಕ್ಕೂ ಮೊದಲು ಆತ ಸುದ್ದಿಯನ್ನು ಕೈಬರಹದಲ್ಲೇ ನಕಲು ಮಾಡಿಸಿ ಹಣವಂತ ಚಂದಾದಾರರಿಗೆ ಕಳಿಸುತ್ತಿದ್ದ. ನಕಲಿಗೆ ಹಿಡಿಯುವ ಹೊತ್ತು ಸಾಕಾಗಿ ಅಚ್ಚಿಗೆ ಇಳಿದ. ಬೇರೆಯವರು ಅದನ್ನೇ ಮರುಮುದ್ರಿಸದಂತೆ ರಕ್ಷಣೆ ಕೊಡಿ ಎಂದು ನಗರಾಡಳಿತಕ್ಕೆ ಅರ್ಜಿಯನ್ನೂ ಹಾಕಿದ (ಫಾರ್ವರ್ಡ್ ಕಾಟ ಆಗಲೂ ಇತ್ತು ಅನ್ನಿ!). 1605 ಎನ್ನುವುದಕ್ಕೆ ಆ ಅರ್ಜಿಯೇ ಆಧಾರ. ಉಳಿದು ಬಂದಿರುವ ಅತಿ ಹಳೆಯ ಸಂಚಿಕೆಗಳು 1609ರವು. ಅವುಗಳಲ್ಲಿ ಇಂದಿನಂಥ ತಲೆಬರಹಗಳಿಲ್ಲ, ಸುದ್ದಿ ಯಾವ ಊರಿನದು, ಯಾವ ದಿನದ್ದು ಎಂಬುದಷ್ಟೇ ಮೇಲಿರುತ್ತದೆ. ಗೆಲಿಲಿಯೋನ ದೂರದರ್ಶಕದ ವಿಷಯವೂ ಅಲ್ಲಿ ವೆನಿಸ್‌ನ ಸುದ್ದಿಯಾಗಿ ಬಂದಿದೆ.

ಗುಟೆನ್‌ಬರ್ಗ್‌ನ ಅಚ್ಚುಮೊಳೆಗಳು ಯುರೋಪಿನಲ್ಲಿ ಇದಕ್ಕೆಲ್ಲ ದಾರಿ ಮಾಡಿಕೊಟ್ಟವು, ಅದು ನಿಜ. ಆದರೆ ಆ ಸಂದೇಶವನ್ನು ದಯವಿಟ್ಟು ಮುಂದೆ ಕಳಿಸಬೇಡಿ. ನನ್ನಿಂದಲೇ ಬಂದಿದ್ದರೆ ಅಳಿಸಿಬಿಡಿ.