ಕೊಲೆಯ ಕಥೆಗೆ ಇಷ್ಟು ಅಸಡ್ಡೆಯಾ?

ಭಾನುವಾರ 250 ರೂಪಾಯಿ ಕೊಟ್ಟು ಒಂದು ಕ್ರೈಂ ಸಿನಿಮಾ ನೋಡಿದೆ. ತುಂಬಾ ಬೇಜಾರಾಯಿತು. ಇನ್ಸ್‌ಪೆಕ್ಟರ್ ರಕ್ತ ಅಂಟಿದ ಚಾಕುವನ್ನು ಬರಿಗೈಯಲ್ಲೇ ಎತ್ತಿ, ತಿರುಗಿಸಿ ನೋಡುತ್ತಾರೆ. ಆಮೇಲೆ ಅದೇ ಚಾಕುವಿನ ಬೆರಳಚ್ಚಿನಿಂದ ಕೊಲೆಗಾರ ಸಿಕ್ಕಿಬೀಳುತ್ತಾನೆ! ಕೊಲೆ ಆಗಿರುವುದು 2025ರಲ್ಲಿ. ಆದರೂ ಪೊಲೀಸರ ಬಾಯಲ್ಲಿ ಹಳೇ 302. 2024ರ ಜುಲೈ 1ರಿಂದ ಕೊಲೆಗೆ ಭಾರತೀಯ ನ್ಯಾಯ ಸಂಹಿತೆಯ 103ನೇ ಸೆಕ್ಷನ್ ಅಲ್ವಾ? ಯಾವ ಠಾಣೆಯಲ್ಲಿ ಕೇಳಿದ್ದರೂ ಹೇಳುತ್ತಿದ್ದರು.

ಅದನ್ನಾದರೂ ಸಹಿಸಬಹುದು, ನಟನೆಯನ್ನು ಆಗುವುದಿಲ್ಲ. ಮಗನ ಹೆಣದ ಮುಂದೆ ಕೂತ ತಾಯಿಯ ಮುಖದಲ್ಲಿ ಏನೂ ಇಲ್ಲ. ಕೆನ್ನೆ ಮೇಲೆ ಗ್ಲಿಸರಿನ್ ಇಳಿಯುತ್ತಿದೆ, ದನಿ ಮಾತ್ರ ಪಾಠ ಒಪ್ಪಿಸಿದ ಹಾಗೆ. ಡಬ್ಬಿಂಗೂ ತುಟಿಗೆ ಕೂಡಿಲ್ಲ. ಎದೆ ಒಡೆಯಬೇಕಾದ ದೃಶ್ಯ ಅದು. ಪಕ್ಕದವರು ಸುಮ್ನೆ ಫೋನ್ ನೋಡುತ್ತಾ ಕೂತಿದ್ದರು.